ಮಾತಿನ ಜಾಡು ತಪ್ಪಿದಾಗ ನರ್ಸ್ ಏನನ್ನು ಕೇಳಬೇಕು, ಏನನ್ನು ಬರೆಯಬೇಕು

ಮನೋರೋಗ ವಾರ್ಡುಗಳ ನರ್ಸ್ ನೋಟ್ಸ್‌ನಲ್ಲಿ ಮತ್ತೆ ಮತ್ತೆ ಕಾಣುವ ಒಂದು ಷರಾ ‘ಇರ್‍ರೆಲೆವೆಂಟ್ ಟಾಕ್ ಪ್ರೆಸೆಂಟ್’. ರೋಗಿ ಅಸಂಬದ್ಧವಾಗಿ ಮಾತಾಡುತ್ತಿದ್ದಾರೆ ಎಂದು ಹೇಳುವ ಬಗೆ ಅದು. ರಾತ್ರಿ ಪಾಳಿಯವರು ಇಷ್ಟು ಬರೆದು ಮನೆಗೆ ಹೋದರೆ ಬೆಳಗಿನ ಪಾಳಿಯವರಿಗೆ ತೀರ್ಪು ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ರೋಗಿ ಯಾರಿಗೂ ಬಾಯಿ ಹಾಕಲು ಬಿಡದೆ ಒಂದೇ ಸಮನೆ ಮಾತಾಡಿದರೇ? ಒಂದು ಮಾತಿಗೂ ಇನ್ನೊಂದಕ್ಕೂ ಕೊಂಡಿಯೇ ಇರಲಿಲ್ಲವೇ? ಹೆಸರು, ಊರು ಕೇಳಿದರೆ ಸರಿಯಾಗಿ ಹೇಳಿದರೇ? ಮುಸ್ಸಂಜೆಗೆ ಸರಿಯಾಗಿದ್ದವರು ನಡುರಾತ್ರಿ ಹೀಗಾದರೇ? ಮೇನಿಯಾ, ಸ್ಕಿಜೋಫ್ರೇನಿಯಾ, ಕುಡಿತ ಬಿಟ್ಟ ಮೂರನೇ ದಿನದ ಸನ್ನಿ, ಮೆದುಳಿನ ಎಡಭಾಗಕ್ಕೆ ಆದ ಲಕ್ವ, ಲಿಥಿಯಂ ಹೆಚ್ಚಾಗಿ ತೊದಲುವ ನಾಲಿಗೆ, ಇವೆಲ್ಲವೂ ಅವಸರದ ಕಿವಿಗೆ ಅಸಂಬದ್ಧವೇ. ಆದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ಆಗಿಬರುವುದಿಲ್ಲ, ಕೆಲವಕ್ಕಂತೂ ಗಂಟೆಗಳ ಗಡುವಿದೆ. ಆದ್ದರಿಂದ ಯೋಚನೆಯ ಏರುಪೇರನ್ನು ಗುರುತಿಸುವ ವಿದ್ಯೆಯಲ್ಲಿ ರೋಗದ ಹೆಸರು ಕೊನೆಗೆ ಬರಬೇಕು. ಮೊದಲು ಬರಬೇಕಾದದ್ದು ರೋಗಿಯ ಮಾತನ್ನು ಅವರು ಆಡಿದ ಹಾಗೆಯೇ ಕೇಳಿ, ಆಡಿದ ಹಾಗೆಯೇ ಬರೆದಿಡುವ ಅಭ್ಯಾಸ. ಇದು ಈ ಲೇಖನದ ವಾದ. ಜ್ವರದ ಚಾರ್ಟಿನಲ್ಲಿ ‘ಮೈ ಬಿಸಿ ಇದೆ’ ಎಂದು ಯಾವ ನರ್ಸೂ ಬರೆಯುವುದಿಲ್ಲ, 101 ಎಂದು ಬರೆಯುತ್ತಾರೆ. ಮಾತಿಗೂ ಆ ಗೌರವ ಸಿಗಬೇಕು.

ಯೋಚನೆ ಯಾರ ಕಣ್ಣಿಗೂ ಕಾಣುವುದಿಲ್ಲ, ಕೇಳಿಸುವುದು ಮಾತಷ್ಟೇ. ಇದು ಸರಳ ಸಂಗತಿಯಾದರೂ ಮನೋವೈದ್ಯಶಾಸ್ತ್ರ ಇದನ್ನು ಗಂಭೀರವಾಗಿ ಎಣಿಸಲು ಬಹಳ ಕಾಲ ಹಿಡಿಯಿತು. ಸ್ವಿಟ್ಜರ್‌ಲೆಂಡಿನ ಯೂಜೆನ್ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಸ್ಕಿಜೋಫ್ರೇನಿಯಾದ ತಿರುಳನ್ನು ವಿಚಾರಗಳ ನಡುವಿನ ಬೆಸುಗೆ ಸಡಿಲವಾಗುವುದರಲ್ಲಿ ಕಂಡರು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ, ಮಾತು ದಿಕ್ಕು ತಪ್ಪಿತೆಂದರೆ ಸ್ಕಿಜೋಫ್ರೇನಿಯಾ ಎಂದೇ ಅನೇಕರು ನಂಬಿದ್ದರು. ಈ ನಂಬಿಕೆಯನ್ನು ಗಟ್ಟಿಯಾಗಿ ಪರೀಕ್ಷೆಗೆ ಒಡ್ಡಿದವರಲ್ಲಿ ಮುಖ್ಯರು ಅಮೆರಿಕದ ನ್ಯಾನ್ಸಿ ಆಂಡ್ರಿಯಾಸೆನ್. ವೈದ್ಯಕೀಯಕ್ಕೆ ಬರುವ ಮುಂಚೆ ಅವರು ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದಿದ್ದರು. ಮಾತಿನ ಕಟ್ಟನ್ನು ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಅಲ್ಲಿಂದಲೇ ಬಂದಿರಬೇಕು ಎನ್ನಿಸುತ್ತದೆ. 1979ರಲ್ಲಿ ಪ್ರಕಟಿಸಿದ ಎರಡು ಲೇಖನಗಳಲ್ಲಿ ಅವರು ಮಾತಿನ ಏರುಪೇರಿನ 18 ಬಗೆಗಳಿಗೆ ಖಚಿತ ವ್ಯಾಖ್ಯೆ ಕೊಟ್ಟು, ಬೇರೆ ಬೇರೆ ಕಾಯಿಲೆಯವರ ಮಾತಿಗೆ ಅವನ್ನು ಹಚ್ಚಿ ನೋಡಿದರು. ಮಾತು ಜಾಡು ತಪ್ಪುವುದು, ಪ್ರಶ್ನೆಗೆ ಓರೆಯಾಗಿ ಉತ್ತರಿಸುವುದು ಮೇನಿಯಾದಲ್ಲೂ ಧಾರಾಳವಾಗಿ ಸಿಕ್ಕಿತು. ಪಠ್ಯಪುಸ್ತಕಗಳು ಬಹಳ ಒತ್ತಿ ಹೇಳುವ ಹೊಸ ಪದ ಕಟ್ಟುವಿಕೆ, ಪ್ರಾಸದ ಹಿಂದೆ ಓಡುವುದು, ಮಾತು ನಡುವೆ ಕಡಿದು ನಿಲ್ಲುವುದು ಅಪರೂಪವೆಂದು ಕಂಡಿತು. ಹಾಗಾಗಿ ಒಂದು ಲಕ್ಷಣ ಕಂಡ ಕೂಡಲೇ ಒಂದು ರೋಗದ ಹೆಸರು ಹೇಳುವಂತಿಲ್ಲ. ಯಾವ ಬಗೆ, ಎಷ್ಟು, ಯಾವಾಗಿನಿಂದ, ಇನ್ನೇನೇನು ಜೊತೆಗಿದೆ ಎಂಬುದನ್ನೆಲ್ಲ ಕೂಡಿಸಿ ನೋಡಿದ ಮೇಲೆಯೇ ವೈದ್ಯರು ನಿರ್ಣಯಕ್ಕೆ ಬರಲು ಸಾಧ್ಯ.

ಬಗೆಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು, ಕಿವಿ ಪಳಗುವುದಿಲ್ಲ. ಅದಕ್ಕಾಗಿ ಒಂದೇ ಸಾಮಾನ್ಯ ಪ್ರಶ್ನೆಯನ್ನು ಇಟ್ಟುಕೊಂಡು ನೋಡೋಣ. ‘ಬೆಳಿಗ್ಗೆ ತಿಂಡಿ ತಿಂದ್ರಾ?’ ಎಂದು ಸಿಸ್ಟರ್ ಕೇಳುತ್ತಾರೆ. ಮುಂದಿನ ಉತ್ತರಗಳೆಲ್ಲ ವಿವರಣೆಗಾಗಿ ಕಟ್ಟಿದವು. ಒಬ್ಬರು ಹೇಳುತ್ತಾರೆ: ‘ಎದ್ದೆ, ಹಾಸಿಗೆ ಮಡಿಚಿಟ್ಟೆ, ನಲ್ಲಿ ಹತ್ರ ಹೋದ್ರೆ ನೀರಿರ್ಲಿಲ್ಲ, ಪಕ್ಕದ ಬೆಡ್ಡಿನೋರು ಬಕೆಟ್ ಕೊಟ್ರು, ಅವ್ರ ಊರು ತಿಪಟೂರಂತೆ, ಅಲ್ಲಿ ಈಗ ಕೊಬ್ಬರಿ ರೇಟು ಚೆನ್ನಾಗಿದ್ಯಂತೆ, ಆಮೇಲೆ ಬಂದು ಕೂತು ಉಪ್ಪಿಟ್ಟು ತಿಂದೆ.’ ಸುತ್ತು ದೊಡ್ಡದು, ಆದರೆ ಕೊನೆಗೆ ಉತ್ತರ ಬಂತು. ಇದು ಸರ್ಕಮ್‌ಸ್ಟ್ಯಾನ್ಷಿಯಾಲಿಟಿ. ನಮ್ಮ ನಡುವಿನ ಎಷ್ಟೋ ಆರೋಗ್ಯವಂತರು ಹೀಗೇ ಮಾತಾಡುತ್ತಾರೆ, ಇದೊಂದನ್ನೇ ಹಿಡಿದು ಏನನ್ನೂ ಹೇಳಲಾಗದು. ಇನ್ನೊಬ್ಬರ ಉತ್ತರ: ‘ತಿಂಡಿ ಅಂದ್ರೆ ನಮ್ಮಮ್ಮ ಮಾಡೋ ರೊಟ್ಟಿ. ಅಮ್ಮಂಗೆ ಮಂಡಿನೋವು. ಮಂಡಿನೋವಿಗೆ ಶಿವಮೊಗ್ಗದ ಡಾಕ್ಟ್ರೇ ಸರಿ.’ ಪ್ರತಿ ಮಾತಿಗೂ ಹಿಂದಿನ ಮಾತಿನ ಕೊಂಡಿ ಇದೆ, ಆದರೆ ತಿಂದರೋ ಇಲ್ಲವೋ ಎಂಬುದು ಬರಲೇ ಇಲ್ಲ. ಇದು ಟ್ಯಾಂಜೆನ್ಷಿಯಾಲಿಟಿ. ಮೂರನೆಯವರು: ‘ತಿಂಡಿ ಆಯ್ತು. ಬಸ್ಸಿನ ಗಾಜಿಗೆ ನಂಬರು ಬರ್ದಿದ್ರು. ಅದಕ್ಕೇ ಮಳೆ ಬರ್ಲಿಲ್ಲ. ತಮ್ಮನಿಗೆ ಬಿಳಿ ಅಂಗಿ ಆಗ್ಬರಲ್ಲ.’ ವಾಕ್ಯಗಳು ಒಂದೊಂದೂ ಸರಿಯಾಗಿವೆ, ನಡುವಿನ ಬೆಸುಗೆ ಬಿಟ್ಟಿದೆ. ‘ಅದಕ್ಕೇ’ ಎಂಬ ಪದ ಕಾರಣ ಹೇಳುವಂತೆ ಕಾಣುತ್ತದೆ, ಕಾರಣ ಇಲ್ಲ. ಇದು ಡಿರೇಲ್‌ಮೆಂಟ್. ವಾಕ್ಯದೊಳಗಿನ ಪದಗಳ ನಂಟೂ ಕಡಿದು, ವ್ಯಾಕರಣವೇ ಮುರಿದರೆ ಅದನ್ನು ವರ್ಡ್ ಸಲಾಡ್ ಎನ್ನುತ್ತಾರೆ.

ಇನ್ನು ವೇಗದ ವಿಚಾರ. ‘ತಿಂಡಿ, ಬಂಡಿ, ಗುಂಡಿ, ಗುಂಡಿಗೆ ಬಿದ್ದೋನು ಮಂಡಿ ಊರ್‍ಬೇಕು, ಮಂಡಿಪೇಟೆಗೆ ನಡಿ, ನಡಿ ನಡಿ ಇವತ್ತು ಎಲ್ರಿಗೂ ನಾನೇ ಊಟ ಹಾಕಿಸ್ತೀನಿ!’ ಇಲ್ಲಿ ಮಾತನ್ನು ಎಳೆದೊಯ್ಯುತ್ತಿರುವುದು ಅರ್ಥವಲ್ಲ, ಸದ್ದು. ಸದ್ದಿನ ಹಿಂದೆ ಓಡುವ ಇದು ಕ್ಲ್ಯಾಂಗ್. ವಿಚಾರದಿಂದ ವಿಚಾರಕ್ಕೆ ಹಾರುವುದು ಫ್ಲೈಟ್ ಆಫ್ ಐಡಿಯಾಸ್. ನಡುವೆ ಬಾಯಿ ಹಾಕಿದರೂ ನಿಲ್ಲದ ರಭಸಕ್ಕೆ ಪ್ರೆಷರ್ ಆಫ್ ಸ್ಪೀಚ್ ಎಂದು ಹೆಸರು. ಮೇನಿಯಾದಲ್ಲಿ ಇವು ಒಟ್ಟಿಗೆ ಬರುವುದು ಹೆಚ್ಚು. ಆದ್ದರಿಂದ ಮಾತಿನ ಜೊತೆಗೆ ರೋಗಿ ಎಷ್ಟು ಗಂಟೆ ನಿದ್ದೆ ಮಾಡಿದರು ಎಂಬುದನ್ನೂ ಬರೆದರೆ ಟಿಪ್ಪಣಿಗೆ ಬಲ ಬರುತ್ತದೆ. ಸದ್ದು ಮಾಡುವವರ ಮೇಲೆ ವಾರ್ಡಿನ ಗಮನ ತಾನಾಗಿ ಹೋಗುತ್ತದೆ. ಮೂಲೆಯ ಬೆಡ್ಡಿನಲ್ಲಿ ‘ಹೂಂ’ ಎಂದು ಸುಮ್ಮನಾಗುವವರ ಹೆಸರಿನ ಮುಂದೆ ‘ಶಾಂತವಾಗಿದ್ದಾರೆ’ ಎಂದು ಬರೆಯುವುದು ರೂಢಿ. ಈ ರೂಢಿ ನನ್ನ ಮಟ್ಟಿಗೆ ಅತ್ಯಂತ ಅಪಾಯದ್ದು. ಕೇಳಿದ್ದಕ್ಕೆ ಒಂದೇ ಪದದ ಉತ್ತರ ಕೊಟ್ಟು ತಾವಾಗಿ ಏನೂ ಸೇರಿಸದಿರುವುದು ಸ್ಕಿಜೋಫ್ರೇನಿಯಾದಲ್ಲಿ ಕಾಣುವ ಮಾತಿನ ಬಡತನವಿರಬಹುದು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಹತ್ತು ಹದಿನೈದು ಸೆಕೆಂಡು ಹಿಡಿಯುತ್ತಿದ್ದರೆ ತೀವ್ರ ಖಿನ್ನತೆ ಇರಬಹುದು. ಕೂತ ಭಂಗಿಯಲ್ಲೇ ಕೂತು, ಕಣ್ಣು ಮಿಟುಕಿಸುವುದೂ ಕಡಿಮೆಯಾಗಿ, ಊಟ ನೀರು ಬಿಟ್ಟಿದ್ದರೆ ಕ್ಯಾಟಟೋನಿಯಾ ಇರಬಹುದು, ಅದಕ್ಕೆ ಲೊರಾಜೆಪಾಮ್‌ನಂಥ ಔಷಧ ಬೇಗ ಸಿಕ್ಕರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಔಷಧದ ಮಂಪರು ಇರಬಹುದು. ನೈಟ್ ಡ್ಯೂಟಿಯಲ್ಲಿ ಎಲ್ಲರಿಗೂ ಅನುಕೂಲವಾದ ಆ ಮೌನದ ಹಿಂದೆ ಸಾಯುವ ನಿರ್ಧಾರವೂ ಇರಬಹುದು.

ಮಾತು ಬೇಕಾದಷ್ಟಿದ್ದು ಸಾರ ಇಲ್ಲದಿರುವುದು ಮತ್ತೊಂದು ಬಗೆ: ‘ತಿಂಡಿ ಅನ್ನೋದು ನೋಡಿ, ಅದೊಂದು ವಿಷ್ಯ, ಎಲ್ಲ ಸೇರಿ ಆಗುವಂಥದ್ದು, ಆಗೋದು ಆಗೋ ಹಾಗೇ ಆಗ್ಬೇಕಲ್ವಾ, ಅದರ ಪ್ರಕಾರ ಅದು ನಡೀತದೆ.’ ಇಂಥ ಮಾತನ್ನು ವೇದಾಂತವೆಂದು ತಲೆದೂಗಿ ಮುಂದೆ ಹೋಗುವುದು ಸುಲಭ. ಕೇಳಿದ್ದರಲ್ಲಿ ಕೈಗೆ ಸಿಕ್ಕ ಸಂಗತಿ ಎಷ್ಟು ಎಂದು ಒಂದು ಕ್ಷಣ ಯೋಚಿಸಿದರೆ ವ್ಯತ್ಯಾಸ ತಿಳಿಯುತ್ತದೆ. ‘ಉಪ್ಪಿಟ್ಟಿನ ಜೊತೆಗೆ...’ ಎಂದು ನಡುವೆ ನಿಂತು, ತುಸು ಹೊತ್ತಾದ ಮೇಲೆ ‘ಏನು ಹೇಳ್ತಿದ್ದೆ? ಯಾರೋ ತಲೆಯಿಂದ ಕಿತ್ಕೊಂಡ ಹಾಗಾಯ್ತು’ ಎಂದರೆ ಅಲ್ಲಿ ಎರಡು ಸಂಗತಿಗಳಿವೆ. ಮಾತು ಕಡಿದದ್ದು ಒಂದು, ತನ್ನ ಯೋಚನೆಯನ್ನು ಯಾರೋ ಕದ್ದರೆಂಬ ಅನುಭವ ಇನ್ನೊಂದು. ಮೊದಲನೆಯದು ಕೇಳುವವರಿಗೂ ತಿಳಿಯುತ್ತದೆ, ಎರಡನೆಯದನ್ನು ರೋಗಿಯೇ ಹೇಳಬೇಕು. ತಿಂಡಿ ಕೇಳಿದರೂ ‘ಉಪ್ಪಿಟ್ಟು’, ಹೆಸರು ಕೇಳಿದರೂ ‘ಉಪ್ಪಿಟ್ಟು’, ಊರು ಕೇಳಿದರೂ ‘ಉಪ್ಪಿಟ್ಟು’ ಎಂದರೆ ಅದು ಪರ್ಸೆವರೇಶನ್. ಇದು ಕಂಡಾಗ ಮೆದುಳಿನದೇ ತೊಂದರೆ ಇರಬಹುದೆಂಬ ಅನುಮಾನ ಮೊದಲು ಬರಬೇಕು.

ಆ ಅನುಮಾನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ತಪ್ಪಿದರೆ ಪ್ರಾಣಕ್ಕೆ ಬರುವುದು ಇಲ್ಲಿಯೇ. ನಿನ್ನೆಯವರೆಗೆ ಸರಿಯಾಗಿದ್ದ ಅರವತ್ತು ದಾಟಿದವರು ಇದ್ದಕ್ಕಿದ್ದಂತೆ ಅರ್ಥವಿಲ್ಲದ ಪದಗಳನ್ನು ಸರಾಗವಾಗಿ ಆಡತೊಡಗಿ, ‘ಕೈ ಎತ್ತಿ’ ಎಂದರೆ ಅರ್ಥವಾಗದೆ ನೋಡಿದರೆ ಅದು ವರ್ನಿಕೆ ಅಫೇಸಿಯಾ ಇರಬಹುದು. ಮೆದುಳಿನ ಭಾಷಾ ಕೇಂದ್ರಕ್ಕೆ ರಕ್ತ ನಿಂತಾಗ ಹೀಗಾಗುತ್ತದೆ. ಕೈಕಾಲಿನ ಬಲ ಹಾಗೇ ಇರಬಹುದಾದ್ದರಿಂದ ಮನೆಯವರು ‘ತಲೆ ಕೆಟ್ಟಿದೆ’ ಎಂದು ಮನೋರೋಗ ವಿಭಾಗಕ್ಕೆ ಕರೆತರುವುದುಂಟು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ ಇದೆ. ‘ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮುಂಚೆ ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?’ ಎಂಬ ಎರಡು ಪ್ರಶ್ನೆಗಳಿಗೆ ನರ್ಸ್ ಉತ್ತರ ಪಡೆದರೆ ಆ ಸಮಯ ಉಳಿಯುತ್ತದೆ. ಡೆಲಿರಿಯಮ್‌ನಲ್ಲಿ, ಅಂದರೆ ಸನ್ನಿಯಲ್ಲಿ, ಮಾತು ಗಂಟೆಗೊಂದು ಥರ ಇರುತ್ತದೆ. ಗಮನ ನಿಲ್ಲುವುದಿಲ್ಲ, ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿ ಎಂದರೆ ಎರಡು ಹೇಳಿ ದಾರಿ ತಪ್ಪುತ್ತಾರೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ. ಸೋಂಕು, ಸಕ್ಕರೆ ಇಳಿಯುವುದು, ಸೋಡಿಯಂ ಇಳಿಯುವುದು, ಕುಡಿತವನ್ನು ಥಟ್ಟನೆ ನಿಲ್ಲಿಸುವುದು ಇದರ ಸಾಮಾನ್ಯ ಕಾರಣಗಳು. ಕುಡಿತ ನಿಲ್ಲಿಸಿದವರಲ್ಲಿ ತೀವ್ರ ಸನ್ನಿ ಹೆಚ್ಚಾಗಿ ಎರಡರಿಂದ ನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಕಾಲು ಮುರಿದು ಆರ್ಥೋ ವಾರ್ಡಿನಲ್ಲಿ ಮಲಗಿದವರು ಮೂರನೇ ರಾತ್ರಿ ಬಡಬಡಿಸತೊಡಗಿದರೆ ಈ ಲೆಕ್ಕ ನೆನಪಾಗಬೇಕು.

ಯೋಚನೆಯಲ್ಲಿ ದೋಷವೇ ಇಲ್ಲದೆ ಬರಿಯ ಉಚ್ಚಾರ ಕೆಡುವುದೂ ಉಂಟು, ಅದನ್ನು ಬೇರೆಯಾಗಿ ಗುರುತಿಸಬೇಕು. ಹ್ಯಾಲೊಪೆರಿಡಾಲ್‌ನಂಥ ಔಷಧ ಶುರುವಾದ ಕೆಲವು ಗಂಟೆ ಅಥವಾ ದಿನಗಳೊಳಗೆ ನಾಲಿಗೆ ಸೆಟೆದು, ಕತ್ತು ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದು ಡಿಸ್ಟೋನಿಯಾ. ರೋಗಿ ನಾಟಕ ಮಾಡುತ್ತಿದ್ದಾರೆಂದು ಬಿಡುವಂಥದ್ದಲ್ಲ, ಗಂಟಲಿನ ಸ್ನಾಯು ಬಿಗಿದರೆ ಉಸಿರೇ ಕಟ್ಟೀತು. ಪ್ರೊಮೆಥಜೀನ್ ಇಂಜೆಕ್ಷನ್ ಕೊಡಿಸಿದರೆ ಬೇಗ ಇಳಿಯುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಭೇದಿಯಾಗಿ ಅಥವಾ ನೋವಿನ ಮಾತ್ರೆ ಸೇರಿ ರಕ್ತದಲ್ಲಿ ಅದರ ಮಟ್ಟ ಏರಿದಾಗ ತೊದಲು, ಒರಟು ನಡುಕ, ವಾಂತಿ, ತೂರಾಟ ಕಾಣುತ್ತವೆ. ಇವರು ಹೇಳುವುದರ ಅರ್ಥ ಸರಿಯಾಗಿಯೇ ಇರುತ್ತದೆ, ಹೊರಬರುವ ಉಚ್ಚಾರ ಮಾತ್ರ ಕೆಟ್ಟಿರುತ್ತದೆ. ಟಿಪ್ಪಣಿಯಲ್ಲಿ ಯೋಚನೆಯ ದೋಷವನ್ನೂ ಉಚ್ಚಾರದ ದೋಷವನ್ನೂ ಒಂದೇ ಪದದಿಂದ ಕರೆದರೆ ವೈದ್ಯರು ಆಂಟಿಸೈಕೋಟಿಕ್ ಡೋಸ್ ಏರಿಸುವ, ಅಂದರೆ ತೊಂದರೆಯನ್ನೇ ಹೆಚ್ಚಿಸುವ ಸಂಭವವಿದೆ.

ಇಷ್ಟರಲ್ಲಿ ಒಂದು ಅಂಶ ಓದುಗರ ಗಮನಕ್ಕೆ ಬಂದಿರಬಹುದು. ರೋಗಿ ಏನು ನಂಬುತ್ತಾರೆ ಎಂಬುದರ ಬಗ್ಗೆ ನಾನು ಹೆಚ್ಚು ಹೇಳಿಲ್ಲ. ಅದು ಬೇಕೆಂದೇ ಮಾಡಿದ್ದು. ಮಾತಿನ ರೂಪ ಒಂದು, ಮಾತಿನ ವಿಷಯ ಇನ್ನೊಂದು. ‘ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆ’ ಎಂಬ ಮಾತನ್ನು ಒಬ್ಬರು ಅಚ್ಚುಕಟ್ಟಾಗಿ, ಕ್ರಮವಾಗಿ, ಸಾಕ್ಷಿ ಸಮೇತ ಹೇಳಬಲ್ಲರು. ಅಲ್ಲಿ ರೂಪದಲ್ಲಿ ದೋಷವಿಲ್ಲ. ವಿಷಯ ಭ್ರಮೆಯೋ ಅಲ್ಲವೋ ಎಂಬುದನ್ನು ಆ ವ್ಯಕ್ತಿಯ ಊರು, ಮನೆತನ, ನಂಬಿಕೆಗಳ ಹಿನ್ನೆಲೆಯಲ್ಲಿ ತೂಗಬೇಕು. ಕರಾವಳಿಯ ಭೂತಕೋಲದಲ್ಲಿ, ಬಯಲುಸೀಮೆಯ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ನುಡಿ ಕೊಡುವುದು ಸಮುದಾಯ ಒಪ್ಪಿದ ಆಚರಣೆ. 2022ರಿಂದ ಜಾರಿಯಲ್ಲಿರುವ ಐಸಿಡಿ-11 ಕೂಡ ಇಂಥ ಒಪ್ಪಿತ ಧಾರ್ಮಿಕ, ಸಾಂಸ್ಕೃತಿಕ ಆಚರಣೆಯನ್ನು ಕಾಯಿಲೆಯ ಪಟ್ಟಿಯಿಂದ ಹೊರಗಿಟ್ಟಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಇನ್ನೂ ಸ್ಪಷ್ಟವಾಗಿದೆ: ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ, ರಾಜಕೀಯ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಒಬ್ಬರು ಹೊಂದಿಕೊಂಡಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಎಂದು ನಿರ್ಧರಿಸುವಂತಿಲ್ಲ. ಅದೇ ಕಾಯ್ದೆ ಮಾನಸಿಕ ಕಾಯಿಲೆಯನ್ನು ವ್ಯಾಖ್ಯಾನಿಸುವಾಗ ಯೋಚನೆಯ ತೀವ್ರ ಏರುಪೇರನ್ನು ಮೊದಲು ಹೆಸರಿಸುತ್ತದೆ. ಹಾಗಾಗಿ ಯೋಚನೆ ಎಲ್ಲಿ, ಹೇಗೆ ಕೆಟ್ಟಿದೆ ಎಂಬುದಕ್ಕೆ ದಾಖಲೆ ಬೇಕು, ಅಭಿಪ್ರಾಯ ಸಾಲದು.

ಕರ್ನಾಟಕದ ವಾರ್ಡುಗಳಲ್ಲಿ ಈ ದಾಖಲೆಗೆ ದೊಡ್ಡ ತೊಡಕು ಭಾಷೆಯದು. ರೋಗಿ ಮಾತಾಡುವುದು ಕನ್ನಡದಲ್ಲಿ, ತುಳುವಿನಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ. ಕೇಸ್ ಶೀಟ್ ತುಂಬುವುದು ಇಂಗ್ಲಿಷಿನಲ್ಲಿ. ಅನುವಾದಿಸುವ ಮನಸ್ಸಿಗೆ ಅರ್ಥ ಕೂಡಿಸುವ ಚಟ ಇರುತ್ತದೆ. ಮೇಲಿನ ‘ತಿಂಡಿ, ಬಂಡಿ, ಗುಂಡಿ’ಯನ್ನು ಇಂಗ್ಲಿಷಿಗೆ ಹಾಕಿದ ಕೂಡಲೇ ಪ್ರಾಸ ಮಾಯವಾಗಿ, ಉಳಿಯುವುದು ಊಟ ಹಾಕಿಸುವ ಮಾತು ಮಾತ್ರ. ಬೆಸುಗೆ ಬಿಟ್ಟ ವಾಕ್ಯಗಳ ನಡುವೆ ಬರೆಯುವವರು ಅರಿವಿಲ್ಲದೆ ಬೆಸುಗೆ ಹಾಕಿಬಿಡುತ್ತಾರೆ. ಉಲ್ಟಾ ಕೂಡ ಆಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಯಾರೆಂಬುದನ್ನು ಹೇಳುವುದರಿಂದ ‘ಬಂದ, ಕೊಟ್ಟ, ಹೋದ’ ಎಂದು ಕರ್ತೃವನ್ನು ಬಿಟ್ಟು ಮಾತಾಡುವುದು ಸಹಜ. ಇಂಗ್ಲಿಷಿನ ಅಳತೆಯಲ್ಲಿ ಅದು ಯಾರ ಬಗ್ಗೆ ಎಂದು ತಿಳಿಯದ ಮಾತಾಗಿ ಕಂಡೀತು. ‘ಕಾಫಿ ಗೀಫಿ’, ‘ಮದುವೆ ಗಿದುವೆ’ ಎನ್ನುವುದು ನಮ್ಮ ನುಡಿಯ ಗುಣ, ಕ್ಲ್ಯಾಂಗ್ ಅಲ್ಲ. ಕಲಬುರಗಿಯವರು ಕೋಣೆಗೆ ಖೋಲಿ ಎಂದರೆ, ಧಾರವಾಡದವರು ಮೊಟ್ಟೆಗೆ ತತ್ತಿ ಎಂದರೆ ಅದು ಹೊಸದಾಗಿ ಕಟ್ಟಿದ ಪದವಲ್ಲ. ಅಮೂರ್ತ ಚಿಂತನೆಯನ್ನು ಅಳೆಯಲು ‘ಬೆಳ್ಳಗಿರೋದೆಲ್ಲ ಹಾಲಲ್ಲ’ ಎಂಬಂಥ ಗಾದೆಯ ಅರ್ಥ ಕೇಳುವ ಪದ್ಧತಿಯಿದೆ. ‘ಹೌದಲ್ಲ, ಸುಣ್ಣಾನೂ ಬೆಳ್ಳಗಿರ್‍ತದೆ’ ಎಂಬ ಉತ್ತರ ಕಾಯಿಲೆಯಿಂದ ಬಂದಿರಬಹುದು, ಶಾಲೆಯ ಮುಖ ಕಾಣದ್ದರಿಂದಲೂ ಬಂದಿರಬಹುದು. ಬೇರೆ ರಾಜ್ಯದಿಂದ ಬಂದು ಕನ್ನಡ ಕಲಿತ ನರ್ಸ್‌ಗಳು ನಮ್ಮ ಆಸ್ಪತ್ರೆಗಳಲ್ಲಿ ಬಹಳ ಮಂದಿ ಇದ್ದಾರೆ, ಅವರ ಶ್ರಮ ದೊಡ್ಡದು. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಲು ಬಾರದಿದ್ದರೆ ತಮಗೆ ಬರುವ ಯಾವ ಲಿಪಿಯಲ್ಲಾದರೂ ಸದ್ದನ್ನು ಹಾಗೇ ಬರೆದಿಡಬಹುದು. ಸಂಶಯ ಬಂದರೆ ಮನೆಯವರನ್ನೇ ಕೇಳಬಹುದು: ‘ನಿಮ್ಮ ಕಡೆ ಹೀಗೆ ಅಂತಾರಾ?’

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ, ಇದು ವೈದ್ಯರ ಕೆಲಸ, ನರ್ಸ್‌ಗೇಕೆ ಎಂಬುದು. ನಿರ್ಣಯ ವೈದ್ಯರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೌಂಡ್ಸ್‌ನಲ್ಲಿ ವೈದ್ಯರು ಬೆಡ್ಡಿನ ಬಳಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟು ಹೊತ್ತು ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳುವ ರೋಗಿಗಳು ಎಷ್ಟೋ ಮಂದಿ. ಮಾತ್ರೆ ಕೊಡುವಾಗ, ಸ್ನಾನಕ್ಕೆ ಎಬ್ಬಿಸುವಾಗ, ನಡುರಾತ್ರಿ ನೀರು ಕೇಳಿದಾಗ ಹೊರಬರುವ ಮಾತನ್ನು ಕೇಳುವವರು ನರ್ಸ್‌ಗಳೇ. ವಾರ್ಡಿನ ಆಚೆಗೂ ಈ ಮಾತು ನಿಜ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳನ್ನು ಗುರುತಿಸುವ ವ್ಯವಸ್ಥೆ ಕಟ್ಟಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ಕಂಡಿತು. ಗುರುತಿಸುವ ಕಿವಿಗಳು ವೈದ್ಯರಲ್ಲಿ ಮಾತ್ರ ಇರಲಿ ಎಂದರೆ ಈ ಅಂತರ ತುಂಬುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೀಗೆ ಮಾತನ್ನು ತೂಗಲು ಹೊರಟರೆ ಹರಟೆಮಲ್ಲರು, ಕವಿಗಳು, ಸಾಧುಗಳು, ಮೌನಿಗಳು ಎಲ್ಲರೂ ರೋಗಿಗಳಾಗುವುದಿಲ್ಲವೇ? ಒಮ್ಮೆ ಹಣೆಪಟ್ಟಿ ಬಿದ್ದರೆ ಮುಂದೆ ಆಡಿದ್ದೆಲ್ಲ ಲಕ್ಷಣವಾಗಿ ಕಾಣುವುದಿಲ್ಲವೇ? ಈ ಭಯಕ್ಕೆ ಸಾಕ್ಷಿಯಾಗಿ 1973ರ ಡೇವಿಡ್ ರೋಸೆನ್‌ಹಾನ್ ಪ್ರಯೋಗವನ್ನು ಉದಾಹರಿಸುವುದು ವಾಡಿಕೆ. ಆರೋಗ್ಯವಂತರು ರೋಗಿಗಳಂತೆ ಆಸ್ಪತ್ರೆ ಸೇರಿ, ಸುಮ್ಮನೆ ನೋಟ್ಸ್ ಬರೆದುಕೊಂಡದ್ದನ್ನೂ ಸಿಬ್ಬಂದಿ ರೋಗವರ್ತನೆಯಾಗಿ ದಾಖಲಿಸಿದರು ಎಂಬುದು ಅದರ ಹೇಳಿಕೆ. ಆ ಪ್ರಯೋಗದ ವಿವರಗಳ ಬಗ್ಗೆಯೇ ಪತ್ರಕರ್ತೆ ಸುಸಾನಾ ಕಹಲಾನ್ 2019ರ ತಮ್ಮ ಪುಸ್ತಕದಲ್ಲಿ ಗಂಭೀರ ಅನುಮಾನ ಎತ್ತಿದ್ದಾರೆ, ಆದ್ದರಿಂದ ಅದರ ಮೇಲೆ ನಾನು ಭಾರ ಹಾಕುವುದಿಲ್ಲ. ಆದರೂ ಆಕ್ಷೇಪದ ಸಾರ ಸರಿ, ಹಣೆಪಟ್ಟಿ ಕಿವಿಯನ್ನು ಕೆಡಿಸುತ್ತದೆ. ಅದಕ್ಕಾಗಿಯೇ ಹಣೆಪಟ್ಟಿಯ ಬದಲು ಮಾತನ್ನೇ ಬರೆಯಬೇಕು ಎನ್ನುವುದು. ‘ರೋಗಿ ಸಂಶಯ ಪ್ರವೃತ್ತಿಯವರು’ ಎಂಬುದನ್ನು ಮುಂದೆ ಯಾರೂ ಪರಿಶೀಲಿಸಲಾರರು. ‘ಈ ಮಾತ್ರೆ ಬಣ್ಣ ಬೇರೆ ಇದೆ, ನಂಗೆ ಬೇಡ’ ಎಂದು ಅವರು ಹೇಳಿದ್ದು ಬರಹದಲ್ಲಿದ್ದರೆ ಮಾತ್ರೆಯ ಬ್ರ್ಯಾಂಡ್ ನಿಜವಾಗಿ ಬದಲಾಗಿತ್ತೇ ಎಂದು ನೋಡಬಹುದು. ಇನ್ನೊಂದು ಸಂಗತಿಯೂ ಇದೆ. ಕಾಯ್ದೆಯ ಪ್ರಕಾರ ತಮ್ಮ ವೈದ್ಯಕೀಯ ದಾಖಲೆ ನೋಡುವ ಹಕ್ಕು ರೋಗಿಗೆ ಇದೆ. ಅವರ ಕೈಗೆ ಕೊಡಲು ಮುಜುಗರವಾಗದಂಥ ಟಿಪ್ಪಣಿ ಬರೆಯಬೇಕಾದರೆ ಅವರ ಮಾತನ್ನು ಅವರ ಮಾತಾಗಿಯೇ ಇಡುವುದು ನ್ಯಾಯ.

ಕವಿಗೂ ಕಾಯಿಲೆಗೂ ಇರುವ ಅಂತರವನ್ನು ತಿಳಿಯಲು ಸಹ ದಾರಿಗಳಿವೆ. ಆರೋಗ್ಯವಂತರ ಮಾತೂ ಅಲ್ಲಲ್ಲಿ ಜಾಡು ತಪ್ಪುತ್ತದೆ, ದಣಿದಾಗ, ಗಾಬರಿಯಾದಾಗ ಇನ್ನೂ ಹೆಚ್ಚು. ಆದರೆ ‘ಅರ್ಥ ಆಗ್ಲಿಲ್ಲ’ ಎಂದರೆ ಅವರು ಹಿಂದಕ್ಕೆ ಬಂದು ಬೇರೆ ಥರ ಹೇಳುತ್ತಾರೆ. ಕೇಳುಗರಿಗೆ ದಾರಿ ತಪ್ಪಿತೆಂಬ ಅರಿವು ಅವರಿಗಿರುತ್ತದೆ. ಈ ತಿದ್ದಿಕೊಳ್ಳುವ ಶಕ್ತಿ ಉಳಿದಿದೆಯೇ ಎಂಬುದು ಒಂದೇ ಪ್ರಶ್ನೆಯಲ್ಲಿ ಪತ್ತೆಯಾಗುತ್ತದೆ, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಉಪಯುಕ್ತ ಪರೀಕ್ಷೆ ನರ್ಸ್ ಕೈಯಲ್ಲಿ ಇನ್ನೊಂದಿಲ್ಲ. ಜೊತೆಗೆ, ಹೋಲಿಕೆ ಮಾಡಬೇಕಾದ್ದು ಆ ವ್ಯಕ್ತಿಯ ಮೊದಲಿನ ಮಾತಿನ ಜೊತೆ. ‘ಮುಂಚೆ ಹೇಗೆ ಮಾತಾಡ್ತಿದ್ರು?’ ಎಂದು ದಾಖಲಾದ ದಿನವೇ ಮನೆಯವರನ್ನು ಕೇಳಿ ಬರೆದಿಟ್ಟರೆ ಮುಂದಿನ ಎಲ್ಲ ಟಿಪ್ಪಣಿಗಳಿಗೂ ಅಳತೆಗೋಲು ಸಿಕ್ಕಂತೆ.

ಪುರುಸೊತ್ತೆಲ್ಲಿದೆ ಎಂಬ ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಇಡೀ ವಾರ್ಡನ್ನು ರಾತ್ರಿ ಒಬ್ಬರೇ ನೋಡಿಕೊಳ್ಳುವ ಸ್ಥಿತಿ ಎಷ್ಟೋ ಕಡೆ ಇದೆ, ಅದನ್ನು ಸರಿಪಡಿಸಬೇಕಾದ್ದು ಆಡಳಿತ. ಆದರೆ ನಾನು ಕೇಳುತ್ತಿರುವುದು ಪುಟಗಟ್ಟಲೆ ಬರಹವನ್ನಲ್ಲ. ಸಮಯ, ನರ್ಸ್ ಕೇಳಿದ ಪ್ರಶ್ನೆ, ರೋಗಿಯ ಒಂದೆರಡು ವಾಕ್ಯ, ಮಾತಿನ ವೇಗ, ನಡುವೆ ತಡೆದಾಗ ಆದದ್ದು. ಹೀಗೆ: ‘ರಾತ್ರಿ 11.20. ನಿದ್ದೆ ಬರಲಿಲ್ಲವೇ ಎಂದು ಕೇಳಿದೆ. “ನಿದ್ದೆ ಅವರ ಕೈಲಿದೆ, ಫ್ಯಾನು ಮೂರು ಸಲ ತಿರುಗಿದ್ರೆ ತಂಗಿ ಪಾಸು” ಎಂದರು. ಮೆಲ್ಲಗೆ ಮಾತು. ಅರ್ಥವಾಗಲಿಲ್ಲ ಎಂದಾಗ ಅದನ್ನೇ ಹೇಳಿದರು. ಊರು, ವಾರ ಸರಿ ಹೇಳಿದರು.’ ಬರೆಯಲು ಒಂದು ನಿಮಿಷ ಸಾಕು. ಇದರಲ್ಲಿ ಡಿರೇಲ್‌ಮೆಂಟ್ ಇದೆ, ಯಾರೋ ತನ್ನನ್ನು ನಿಯಂತ್ರಿಸುತ್ತಿದ್ದಾರೆಂಬ ಸುಳಿವಿದೆ, ಸನ್ನಿಯಲ್ಲ ಎಂಬುದಕ್ಕೆ ಒಂದು ಆಧಾರವೂ ಇದೆ.

ಇನ್ನು ಮುಂದೆ ಕಂಪ್ಯೂಟರೇ ಇದನ್ನೆಲ್ಲ ಮಾಡುತ್ತದೆ ಎನ್ನುವವರೂ ಇದ್ದಾರೆ. 2015ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಅಪಾಯದ ಅಂಚಿನಲ್ಲಿದ್ದ 34 ಯುವಜನರ ಮಾತನ್ನು ಕಂಪ್ಯೂಟರಿಗೆ ಕೊಟ್ಟು, ಮುಂದೆ ಸೈಕೋಸಿಸ್‌ಗೆ ಜಾರಿದ ಐವರನ್ನು ವಾಕ್ಯಗಳ ನಡುವಿನ ಅರ್ಥದ ನಂಟಿನಿಂದಲೂ ವಾಕ್ಯರಚನೆಯಿಂದಲೂ ಬೇರ್ಪಡಿಸಲು ಸಾಧ್ಯವಾಯಿತು ಎಂದು ಪ್ರಕಟಿಸಿದರು. ರೋಗ ಬಲಿಯುವ ಮುಂಚೆಯೇ ಮಾತಿನ ರೂಪದಲ್ಲಿ ಸುಳಿವು ಇರುತ್ತದೆ ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಆದರೆ ಐದು ಜನ ಬಹಳ ಸಣ್ಣ ಸಂಖ್ಯೆ, ಆ ಮಾತು ಇಂಗ್ಲಿಷ್. ಕನ್ನಡದ ವಾಕ್ಯಕ್ಕೆ ಅದನ್ನು ಹಾಗೇ ಹಚ್ಚಲು ಬರುವುದಿಲ್ಲ. ಮುಂದೊಂದು ದಿನ ಅಂಥದ್ದು ಕನ್ನಡಕ್ಕೆ ಬರಬೇಕಾದರೂ ರೋಗಿಗಳು ಆಡಿದ ಹಾಗೆ ದಾಖಲಾದ ಕನ್ನಡವೇ ಅದಕ್ಕೆ ಬೇಕಾದೀತು.

ಕೇಳುವುದೆಂದರೆ ತನಿಖೆ ಮಾಡುವುದಲ್ಲವಾದ್ದರಿಂದ ಉತ್ತರಿಸುವ ರೀತಿಯ ಬಗ್ಗೆಯೂ ಒಂದಿಷ್ಟು ಹೇಳಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಚಿಕ್ಕ ವಾಕ್ಯ, ಉತ್ತರಕ್ಕೆ ಕಾಯುವ ತಾಳ್ಮೆ. ‘ನೀವು ಏನೇನೋ ಮಾತಾಡ್ತಿದ್ದೀರಿ’ ಎನ್ನುವ ಬದಲು ‘ಬಸ್ಸಿನ ಮಾತಿನ ತನಕ ನಂಗೆ ಅರ್ಥ ಆಯ್ತು, ಆಮೇಲಿಂದು ತಪ್ಪಿಹೋಯ್ತು, ಇನ್ನೊಂದ್ಸಲ ಹೇಳ್ತೀರಾ?’ ಎಂದರೆ ಹೊಣೆ ಕೇಳುವವರ ಮೇಲೆ ಬರುತ್ತದೆ, ರೋಗಿಗೆ ಅವಮಾನವಾಗುವುದಿಲ್ಲ. ಅರ್ಥವಾಗದಿದ್ದರೂ ‘ಹೌದು ಹೌದು’ ಎಂದು ತಲೆಯಾಡಿಸುವುದು ಕರುಣೆಯಂತೆ ಕಂಡರೂ ನಂಬಿಕೆ ಕೆಡಿಸುತ್ತದೆ. ಭ್ರಮೆಯೊಡನೆ ವಾದಕ್ಕೆ ಇಳಿಯಬಾರದು, ಹೌದೆಂದು ಒಪ್ಪಲೂಬಾರದು. ‘ನಂಗೆ ಆ ದನಿ ಕೇಳಿಸ್ತಿಲ್ಲ, ಆದ್ರೆ ನಿಮಗೆ ಎಷ್ಟು ಭಯ ಆಗಿದೆ ಅಂತ ಕಾಣ್ತಿದೆ’ ಎಂಬುದು ಸತ್ಯವೂ ಹೌದು, ಆಸರೆಯೂ ಹೌದು. ದನಿ ಕೇಳುತ್ತಿದೆ ಎಂದರೆ ಅದು ಏನಾದರೂ ಮಾಡು ಎಂದು ಆಜ್ಞೆ ಕೊಡುತ್ತಿದೆಯೇ ಎಂದು ಕೇಳಲೇಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಎಂಬುದು ಹಳೆಯ ತಪ್ಪು ನಂಬಿಕೆ, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಈ ಎರಡರಲ್ಲಿ ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ನೋಟ್ಸ್ ಆಮೇಲೆ ಬರೆಯಬಹುದು. ರೋಗಿಯನ್ನು ಒಬ್ಬರನ್ನೇ ಬಿಡದೆ ಡ್ಯೂಟಿ ಡಾಕ್ಟರಿಗೆ ತಕ್ಷಣ ತಿಳಿಸಬೇಕು.

ಡಿಸ್ಚಾರ್ಜ್ ದಿನ ಈ ನೋಟ್ಸ್‌ಗೆ ಇನ್ನೊಂದು ಉಪಯೋಗವಿದೆ. ಕಾಯಿಲೆ ಮರುಕಳಿಸುವಾಗ ಒಬ್ಬೊಬ್ಬರ ಮಾತು ಸಾಮಾನ್ಯವಾಗಿ ತನ್ನದೇ ಹಳೆಯ ರೀತಿಯಲ್ಲಿ ಕೆಡತೊಡಗುತ್ತದೆ. ಒಬ್ಬರು ರಾತ್ರಿ ಹನ್ನೊಂದರ ಮೇಲೆ ನೆಂಟರಿಗೆಲ್ಲ ಫೋನು ಮಾಡತೊಡಗುತ್ತಾರೆ, ಇನ್ನೊಬ್ಬರು ಊಟಕ್ಕೆ ಕರೆದರೆ ‘ಹೂಂ’ ಎನ್ನುವುದನ್ನೂ ನಿಲ್ಲಿಸುತ್ತಾರೆ, ಮತ್ತೊಬ್ಬರ ಮಾತಿನಲ್ಲಿ ‘ಅವರು’ ಎಂಬ ಹೆಸರಿಲ್ಲದ ಜನ ಹೆಚ್ಚಾಗುತ್ತಾರೆ. ವಾರ್ಡಿಗೆ ಬಂದ ಮೊದಲ ವಾರದ ಟಿಪ್ಪಣಿಗಳಿಂದ ಇಂಥ ಎರಡು ಮೂರು ಗುರುತುಗಳನ್ನು ಆರಿಸಿ, ರೋಗಿಯ ಒಪ್ಪಿಗೆ ಪಡೆದು, ಅವರನ್ನೂ ಮನೆಯವರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಬೇಕು. ಯಾವ ಗುರುತು ಎಷ್ಟು ದಿನ ಕಂಡರೆ ಫಾಲೋಅಪ್ ದಿನಕ್ಕೆ ಕಾಯದೆ ಬರಬೇಕು, ಯಾವ ಮಾತ್ರೆ ತಪ್ಪಿದೆಯೇ ಎಂದು ನೋಡಬೇಕು, ಜಿಲ್ಲಾ ಆಸ್ಪತ್ರೆಯ ಮನೋರೋಗ ಒಪಿಡಿ ಯಾವ ದಿನ ಎಂಬುದು ಆ ಚೀಟಿಯಲ್ಲಿರಲಿ. ಅದರ ಕೆಳಗೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆಯಬೇಕು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಕರೆ ಮಾಡುವ ಮುಂಚೆ ಮನೆಯವರು ಆ ದಿನ ಕೇಳಿದ ಒಂದೆರಡು ವಾಕ್ಯಗಳನ್ನು, ಹೇಳಿದ ಹೊತ್ತಿನ ಸಮೇತ, ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿರಲಿ.